ಸರಕು ಗಾಡಿಯ ಕ್ಲಚ್ಚು ಕೆಟ್ಟಾಗ: ಗೇರುಪೆಟ್ಟಿಗೆ ಇಳಿಸುವ ಮುನ್ನ ನೋಡತಕ್ಕ ಅಂಶಗಳು

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಒಕ್ಕಲುಮಕ್ಕಳಿಗೆ ಗಾಡಿಯ ವಿಷಯವನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಅಚ್ಚು ಕಿರುಗುಟ್ಟಿದರೆ ಎಣ್ಣೆ ಹಾಕಬೇಕು, ಕಡಾಣಿ ಸವೆದರೆ ಹೊಸದು ಹೊಡೆಯಬೇಕು ಎಂಬುದು ಮನೆಯ ಹುಡುಗರಿಗೂ ತಿಳಿದಿತ್ತು. ಈಗ ರಾಯಕೋಟೆಯ ಮಂಡಿಗೆ ಟೊಮೆಟೊ, ಹೊಸೂರಿನ ಮಾರುಕಟ್ಟೆಗೆ ಹೂವು, ಕೃಷ್ಣಗಿರಿಗೆ ಮಾವು ಹೋಗುವುದು ಪಿಕಪ್ ಗಾಡಿಯಲ್ಲಿ ಅಥವಾ ಜೀಪಿನಲ್ಲಿ. ಸಾಲ ಮಾಡಿ ಗಾಡಿ ಕೊಂಡ ರೈತರು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಆದರೆ ಗಾಡಿಯ ಒಳಗಿನ ವಿಷಯ ಮಾತ್ರ ಗ್ಯಾರೇಜಿನವರಿಗೇ ಬಿಟ್ಟದ್ದಾಗಿದೆ. ಗಾಡಿಯ ಜೊತೆಯಲ್ಲಿ ಕೊಡುವ ಪುಸ್ತಕವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ನಮ್ಮ ಸೀಮೆಯ ದಾರಿಗಳಲ್ಲಿ ಕ್ಲಚ್ಚಿಗೆ ಬೀಳುವ ಶ್ರಮ ಹೆಚ್ಚು. ಹಳೆಯ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದವು. ಜಿಲ್ಲೆಯ ಹೆಸರು ಬದಲಾದರೂ ಗುಡ್ಡ ಬದಲಾಗಲಿಲ್ಲ. ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಇಳಿಯುವಾಗಲೂ, ಧರ್ಮಪುರಿಯಿಂದ ಸೇಲಂಗೆ ಹೋಗುವ ತೊಪ್ಪೂರು ಘಟ್ಟದಲ್ಲೂ, ಏರ್ಕಾಡಿನ 20 ತಿರುವುಗಳಲ್ಲೂ ಗೇರು ಬದಲಿಸುತ್ತಲೇ ಇರಬೇಕು. ಇಂಥ ಕಡೆ ಕ್ಲಚ್ಚು ಕೈಕೊಟ್ಟರೆ ಬರಿಯ ರಿಪೇರಿಯ ಖರ್ಚಿಗೆ ನಿಲ್ಲುವುದಿಲ್ಲ. ಟೊಮೆಟೊ ಕಾಯುವುದಿಲ್ಲ, ಮಂಡಿಯ ಹರಾಜು ಕಾಯುವುದಿಲ್ಲ. ಘಟ್ಟದಲ್ಲಾದರೆ ಜೀವಕ್ಕೇ ಅಪಾಯ.

ಮತ್ತೊಂದು ವಿಷಯವೂ ಇದೆ. ಗೇರು ಬೀಳದಿದ್ದೊಡನೆ "ಕ್ಲಚ್ ಪ್ಲೇಟು ಹೋಯಿತು" ಎಂದು ಗೇರುಪೆಟ್ಟಿಗೆಯನ್ನು ಇಳಿಸಿ, ಪೂರಾ ಕ್ಲಚ್ ಸೆಟ್ಟು ಹಾಕಿ, ಸಾವಿರಾರು ರೂಪಾಯಿ ಬಿಲ್ಲು ಮಾಡುವುದುಂಟು. ಕಡೆಗೆ ನೋಡಿದರೆ ಕೆಟ್ಟಿದ್ದುದು ಕೆಲವೇ ನೂರು ರೂಪಾಯಿನಲ್ಲಿ ಮುಗಿಯಬಹುದಾಗಿದ್ದ ಒಂದು ರಬ್ಬರು ವಾಷರು. ದೋಷ ಎಲ್ಲಿದೆ ಎಂಬುದನ್ನು ಯಜಮಾನನೇ ಮುಕ್ಕಾಲು ಪಾಲು ಕಂಡುಕೊಳ್ಳಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಕ್ಲಚ್ಚಿನ ಕೆಲಸ

ಎಂಜಿನು ಸದಾ ತಿರುಗುತ್ತಿರುತ್ತದೆ. ಗಾಡಿಯಾದರೋ ನಿಲ್ಲಬೇಕು, ಹೊರಡಬೇಕು, ಗೇರು ಬದಲಿಸಬೇಕು. ಇವೆರಡರ ನಡುವೆ ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸುವ ಸಾಧನವೇ ಕ್ಲಚ್ಚು. ಎಂಜಿನಿನ ಹಿಂಭಾಗದಲ್ಲಿ ಫ್ಲೈವೀಲು ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಕ್ಲಚ್ ಪ್ಲೇಟನ್ನು ಪ್ರೆಷರ್ ಪ್ಲೇಟು ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿದಿರುತ್ತದೆ. ಪೆಡಲು ತುಳಿದಾಗ ಒಂದು ಕವೆ ರಿಲೀಸ್ ಬೇರಿಂಗನ್ನು ತಳ್ಳಿ, ಪ್ರೆಷರ್ ಪ್ಲೇಟನ್ನು ಹಿಂದಕ್ಕೆ ಎತ್ತುತ್ತದೆ. ಆಗ ಕ್ಲಚ್ ಪ್ಲೇಟು ಸಡಿಲವಾಗಿ ನಿಲ್ಲುತ್ತದೆ.

ಹೀಗೆ ಎತ್ತುವುದು ಎಷ್ಟು ದೂರ? ಸುಮಾರು ಒಂದು ರಾಗಿ ಕಾಳಿನ ದಪ್ಪ, ಅಷ್ಟೆ. ಕಾಲಿನಿಂದ ಗೇಣುದ್ದ ತುಳಿದದ್ದು ಕಡೆಗೆ ರಾಗಿ ಕಾಳಿನಷ್ಟಾಗಿ ತಲಪುತ್ತದೆ. ದಾರಿಯಲ್ಲಿ ಸ್ವಲ್ಪ ನಷ್ಟವಾದರೂ ಪ್ಲೇಟು ಪೂರ್ತಿ ಬಿಡುವುದಿಲ್ಲ, ಗೇರು ಬೀಳುವುದಿಲ್ಲ.

ತುಳಿತವನ್ನು ಕೊಂಡೊಯ್ಯುವ ದ್ರವ

ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಪೆಡಲಿನಿಂದ ಕ್ಲಚ್ಚಿನವರೆಗೆ ಉಕ್ಕಿನ ಕೇಬಲು ಇರುತ್ತಿತ್ತು. ಇಂದಿನ ಎಷ್ಟೋ ಪಿಕಪ್ಪು, ಜೀಪು, ಕಾರುಗಳಲ್ಲಿ ಕೇಬಲಿಗೆ ಬದಲು ದ್ರವ ತುಂಬಿದ ಕೊಳವೆ ಇದೆ. ಇದನ್ನೇ ಹೈಡ್ರಾಲಿಕ್ ಕ್ಲಚ್ಚು ಎನ್ನುವುದು. ನಿಮ್ಮ ಗಾಡಿ ಯಾವ ಬಗೆಯದು ಎಂಬುದನ್ನು ಬಾನೆಟ್ಟು ಎತ್ತಿ ಪೆಡಲಿನ ನೇರಕ್ಕೆ ನೋಡಿ ತಿಳಿಯಬಹುದು. ಕೇಬಲಾದರೆ ಹೊದಿಕೆಯ ತಂತಿ ಹೊರಗೆ ಬಂದಿರುತ್ತದೆ. ಹೈಡ್ರಾಲಿಕ್ ಆದರೆ ಹೆಬ್ಬೆರಳು ಗಾತ್ರದ ಸಿಲಿಂಡರೊಂದು, ಅದರಿಂದ ಹೊರಟ ಸಣ್ಣ ಕೊಳವೆ ಕಾಣುತ್ತವೆ.

ಪೆಡಲಿನ ಬಳಿ ಇರುವುದು ಮಾಸ್ಟರ್ ಸಿಲಿಂಡರು. ಗೇರುಪೆಟ್ಟಿಗೆಯ ಬಳಿ ಇರುವುದು ಸ್ಲೇವ್ ಸಿಲಿಂಡರು. ಓದುವ ಅನುಕೂಲಕ್ಕಾಗಿ ಇವನ್ನು ಮೇಲಿನ ಸಿಲಿಂಡರು, ಕೆಳಗಿನ ಸಿಲಿಂಡರು ಎಂದು ಕರೆಯೋಣ. ಅಂಗಡಿಯಲ್ಲಿ ಮಾತ್ರ ಮಾಸ್ಟರು, ಸ್ಲೇವು ಎಂದೇ ಕೇಳತಕ್ಕದ್ದು. ಪೆಡಲು ಮೇಲಿನ ಸಿಲಿಂಡರಿನ ಪಿಸ್ಟನನ್ನು ಒತ್ತುತ್ತದೆ, ದ್ರವ ಕೊಳವೆಯಲ್ಲಿ ಸರಿದು ಕೆಳಗಿನ ಪಿಸ್ಟನನ್ನು ತಳ್ಳುತ್ತದೆ, ಆ ಪಿಸ್ಟನು ಕವೆಯನ್ನು ತಳ್ಳುತ್ತದೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ವಿದ್ವಾಂಸನು ತಿಳಿಸಿಕೊಟ್ಟನು. ಈ ಕೆಲಸ ನಡೆಯಲು ಕಾರಣ ದ್ರವವು ಒತ್ತಿದರೆ ಕುಗ್ಗದಿರುವುದು. ಗಾಳಿ ಹಾಗಲ್ಲ. ದನಕ್ಕೆ ಚುಚ್ಚುವ ಸಿರಿಂಜಿನಲ್ಲಿ ನೀರು ತುಂಬಿ, ಬಾಯಿ ಮುಚ್ಚಿ ಒತ್ತಿ ನೋಡಿ: ಒಂದಿಷ್ಟೂ ಜಗ್ಗುವುದಿಲ್ಲ. ಅದರಲ್ಲೇ ಅರ್ಧ ಗಾಳಿ ಬಿಟ್ಟು ಒತ್ತಿದರೆ ಮೆತ್ತಗೆ ಒಳಹೋಗಿ ಮತ್ತೆ ಹಿಂದಕ್ಕೆ ನೂಕುತ್ತದೆ. ಕ್ಲಚ್ಚಿನ ಕೊಳವೆಗೆ ಗಾಳಿ ಸೇರಿದರೂ ಇದೇ ಆಗುವುದು.

ಲೆಕ್ಕ ಹಾಕಿ ನೋಡೋಣ. ಮೇಲಿನ ಪಿಸ್ಟನಿನ ಅಡ್ಡಳತೆ 16 ಮಿಲಿಮೀಟರು ಎಂದುಕೊಂಡರೆ ಅದರ ಮುಖದ ವಿಸ್ತೀರ್ಣ ಸುಮಾರು 2 ಚದರ ಸೆಂಟಿಮೀಟರು. ಅದು 3 ಸೆಂಟಿಮೀಟರು ಸರಿದರೆ ತಳ್ಳಲ್ಪಡುವ ದ್ರವ 6 ಮಿಲಿಲೀಟರು; ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಇಷ್ಟರಲ್ಲಿ ಒಂದೂವರೆ ಮಿಲಿಲೀಟರು ಗಾಳಿ ಇದ್ದರೂ ತುಳಿತದ ಕಾಲು ಭಾಗ ಗಾಳಿಯನ್ನು ಅದುಮುವುದಕ್ಕೇ ಹೋಗುತ್ತದೆ. ಕೆಲವು ತೊಟ್ಟು ದ್ರವ ಸೋರಿ ಅಷ್ಟು ಗಾಳಿ ಒಳಸೇರಿದರೂ ಗಾಡಿ ನಿಂತುಬಿಡುವುದು ಇದರಿಂದಲೇ.

ಮೂರು ಪರೀಕ್ಷೆಗಳು

ಗಾಡಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎಂಜಿನು ಓಡುತ್ತಿರುವಾಗ ಯಾರೂ ಗಾಡಿಯ ಕೆಳಗೆ ಹೋಗಕೂಡದು.

ಮೊದಲನೆಯದು: ಎಂಜಿನು ನಿಲ್ಲಿಸಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಅನಂತರ ಎಂಜಿನು ಹಚ್ಚಿ, ಪೆಡಲು ಪೂರ್ತಿ ತುಳಿದು ಹಾಕಿ ನೋಡಿ. ನಿಂತಾಗ ಸಲೀಸಾಗಿ ಬೀಳುವ ಗೇರು ಎಂಜಿನು ಓಡುವಾಗ ಬೀಳದಿದ್ದರೆ, ಅಥವಾ ರಿವರ್ಸಿಗೆ ಹಾಕುವಾಗ ಕರಕರ ಸದ್ದಾದರೆ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಎಂಜಿನು ನಿಂತಾಗಲೂ ಗೇರು ಬೀಳದಿದ್ದರೆ ದೋಷ ಗೇರಿನ ಕಂಬಿಯಲ್ಲೋ ಗೇರುಪೆಟ್ಟಿಗೆಯಲ್ಲೋ ಇದೆ. ಕ್ಲಚ್ಚಿಗೆ ಕೈಹಾಕುವುದು ದಂಡ.

ಎರಡನೆಯದು: ದ್ರವದ ಡಬ್ಬಿಯನ್ನು ನೋಡಿ. ಕೆಲವು ಗಾಡಿಗಳಲ್ಲಿ ಕ್ಲಚ್ಚಿಗೆ ಬೇರೆ ಡಬ್ಬಿ ಇರುತ್ತದೆ. ಅನೇಕ ಗಾಡಿಗಳಲ್ಲಿ ಬ್ರೇಕಿನ ಡಬ್ಬಿಯಿಂದಲೇ ಸಣ್ಣ ರಬ್ಬರು ಕೊಳವೆ ಕ್ಲಚ್ಚಿಗೆ ಹೋಗಿರುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬ್ರೇಕಿನ ಪ್ಯಾಡು ಸವೆದಂತೆಲ್ಲ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಕ್ಲಚ್ಚಿನಲ್ಲಿ ಹೀಗಿಲ್ಲ. ತಾನಾಗಿ ಹೊಂದಿಕೊಳ್ಳುವ ಬಗೆಯ ಕ್ಲಚ್ಚಿನಲ್ಲಿ ಪ್ಲೇಟು ಸವೆದಂತೆಲ್ಲ ಕೆಳಗಿನ ಪಿಸ್ಟನು ಹಿಂದಕ್ಕೆ ಸರಿದು, ದ್ರವ ಡಬ್ಬಿಗೆ ಮರಳಿ, ಮಟ್ಟ ಕೊಂಚ ಏರುತ್ತದೆ. ಆದುದರಿಂದ ಕ್ಲಚ್ಚಿನ ಡಬ್ಬಿಯಲ್ಲಿ ಮಟ್ಟ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು.

ಸೋರಿಕೆ ಹುಡುಕುವ ಜಾಗಗಳು ಮೂರು. ಪೆಡಲಿನ ಮೇಲ್ಭಾಗದ ಕಡ್ಡಿಯೂ ಅದರ ಕೆಳಗಿನ ಚಾಪೆಯೂ ಒದ್ದೆಯಾಗಿದ್ದರೆ ಮೇಲಿನ ಸಿಲಿಂಡರು ಸೋರುತ್ತಿದೆ. ಕೆಳಗಿನ ಸಿಲಿಂಡರಿನ ರಬ್ಬರು ಟೋಪಿಯನ್ನು ಸರಿಸಿದಾಗ ತೇವ ಕಂಡರೆ ಅದರ ವಾಷರು ಹೋಗಿದೆ. ಇವೆರಡೂ ಒಣಗಿದ್ದರೆ ಕೊಳವೆಯ ಉದ್ದಕ್ಕೂ, ಕೀಲುಗಳಲ್ಲೂ ಬೆರಳಾಡಿಸಿ ನೋಡಬೇಕು. ನಮ್ಮ ಮಣ್ಣುದಾರಿಯ ಕಲ್ಲು ಬಡಿದು ಕೊಳವೆ ಜಜ್ಜಿರುವುದೂ ಉಂಟು.

ಮೂರನೆಯದು: ಇದೇ ಮುಖ್ಯವಾದ ಪರೀಕ್ಷೆ. ಎಂಜಿನು ನಿಲ್ಲಿಸಿ, ಒಬ್ಬರು ಪೆಡಲನ್ನು ನಿಧಾನವಾಗಿ ಪೂರ್ತಿ ತುಳಿಯಲಿ. ಇನ್ನೊಬ್ಬರು ಕೆಳಗಿನ ಸಿಲಿಂಡರಿನ ಕಡ್ಡಿ ಎಷ್ಟು ದೂರ ಸರಿಯುತ್ತದೆ ಎಂದು ನೋಡಲಿ. ಎಷ್ಟು ಸರಿಯಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ ಬೆರಳಗಲಕ್ಕೆ ಕಡಿಮೆ ಇರಕೂಡದು. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಬಹಳ ಉಪಯೋಗ. ಕಡ್ಡಿ ಸರಿಯದಿದ್ದರೆ ಅಥವಾ ಅರ್ಧ ಮಾತ್ರ ಸರಿದರೆ ದೋಷ ಹೈಡ್ರಾಲಿಕ್ ಭಾಗದಲ್ಲಿದೆ. ಗೇರುಪೆಟ್ಟಿಗೆ ಇಳಿಸುವ ಅಗತ್ಯವಿಲ್ಲ. ಕಡ್ಡಿ ಪೂರ್ತಿ ಸರಿದರೂ ಕ್ಲಚ್ಚು ಬಿಡದಿದ್ದರೆ ದೋಷ ಒಳಗಿದೆ, ಆಗ ಇಳಿಸಲೇಬೇಕು.

ಕೆಲವು ಹೊಸ ಮಾದರಿಗಳಲ್ಲಿ ಕೆಳಗಿನ ಸಿಲಿಂಡರು ಹೊರಗೆ ಕಾಣದೆ, ಗೇರುಪೆಟ್ಟಿಗೆಯ ದಂಡದ ಸುತ್ತ ಉಂಗುರದಂತೆ ಒಳಗೇ ಇರುತ್ತದೆ. ಅಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಆ ಬಗೆಯ ಗಾಡಿಗಳಲ್ಲಿ ಕ್ಲಚ್ ಸೆಟ್ಟು ಬದಲಿಸುವಾಗ ಸಿಲಿಂಡರನ್ನೂ ಜೊತೆಗೇ ಬದಲಿಸುವುದು ಲೇಸು. ಇಲ್ಲವಾದರೆ ಅದೊಂದಕ್ಕಾಗಿ ಎರಡನೆಯ ಸಲ ಇಳಿಸುವ ಕೂಲಿ ತೆರಬೇಕಾದೀತು.

ಪೆಡಲಿನಿಂದ ತಿಳಿಯುವ ದೋಷಗಳು

ಪೆಡಲು ಮೆತ್ತಗಿದ್ದು, ಮೂರು ನಾಲ್ಕು ಸಲ ಬೇಗಬೇಗ ತುಳಿದರೆ ಗಟ್ಟಿಯಾಗಿ ಗೇರು ಬಿದ್ದರೆ: ಕೊಳವೆಗೆ ಗಾಳಿ ಸೇರಿದೆ. ಗಾಳಿ ತೆಗೆದರೆ ಸರಿಹೋಗುತ್ತದೆ. ಆದರೆ ಗಾಳಿ ತಾನಾಗಿ ಬರುವುದಿಲ್ಲ. ಅದು ಬಂದ ದಾರಿಯನ್ನು ಮುಚ್ಚದಿದ್ದರೆ ವಾರದಲ್ಲಿ ಮತ್ತೆ ಅದೇ ಪಾಡು.

ಪೆಡಲು ತುಳಿದು ಹಿಡಿದಿದ್ದಾಗ ನಿಧಾನವಾಗಿ ಕೆಳಗಿಳಿಯುತ್ತ, ಗೇರಿನಲ್ಲಿ ನಿಂತ ಗಾಡಿ ಮೆಲ್ಲಗೆ ಮುಂದಕ್ಕೆ ಎಳೆಯತೊಡಗಿದರೆ: ಹೊರಗೆಲ್ಲೂ ಸೋರಿಕೆ ಕಾಣದಿದ್ದಲ್ಲಿ ಮೇಲಿನ ಸಿಲಿಂಡರಿನ ಒಳ ವಾಷರು ಸವೆದಿದೆ. ದ್ರವ ಹೊರಗೆ ಸೋರದೆ ಪಿಸ್ಟನಿನ ಪಕ್ಕದಿಂದ ಡಬ್ಬಿಗೇ ಮರಳುವುದರಿಂದ ಮಟ್ಟ ಇಳಿಯುವುದಿಲ್ಲ. ಈ ದೋಷವನ್ನೇ ಎಷ್ಟೋ ಸಲ ಪ್ಲೇಟಿನ ದೋಷವೆಂದು ಭ್ರಮಿಸುವುದು.

ಪೆಡಲು ಒಮ್ಮೆಗೇ ನೆಲಕ್ಕೆ ಬಿದ್ದು ಮೇಲೆ ಬಾರದಿದ್ದರೆ: ದ್ರವ ಪೂರ್ತಿ ಹೋಗಿದೆ, ಕೊಳವೆ ಒಡೆದಿದೆ, ಇಲ್ಲವೇ ಪೆಡಲಿಗೂ ಕಡ್ಡಿಗೂ ಇರುವ ಪಿನ್ನು ಕಳಚಿದೆ. ಪಿನ್ನನ್ನು ಮೊದಲು ನೋಡಿ. ಅದು ಕಾಸಿನ ಕೆಲಸ.

ಎಂಜಿನು ಭೋರ್ಗರೆದರೂ ಗಾಡಿ ಏರದೆ, ಸುಟ್ಟ ವಾಸನೆ ಬಂದರೆ: ಕ್ಲಚ್ಚು ಜಾರುತ್ತಿದೆ. ಇದಕ್ಕೆ ಹೆಚ್ಚಾಗಿ ಸವೆದ ಪ್ಲೇಟು ಅಥವಾ ಪ್ಲೇಟಿಗೆ ತಗುಲಿದ ಎಣ್ಣೆ ಕಾರಣ. ಆದರೂ ಒಂದು ವಿಷಯ ನೋಡಿಯೇ ಮುಂದುವರಿಯಬೇಕು. ಕೆಲವೊಮ್ಮೆ ರಬ್ಬರು ಉಬ್ಬಿಯೋ, ರಬ್ಬರು ಹೋಸು ಒಳಗೆ ಮುಚ್ಚಿಕೊಂಡೋ, ಪೆಡಲಿನ ಕಡ್ಡಿಗೆ ಇರಬೇಕಾದ ಕೂದಲೆಳೆಯಷ್ಟು ಸಡಿಲ ಇಲ್ಲದೆಯೋ ದ್ರವ ಹಿಂದಕ್ಕೆ ಬರುವುದಿಲ್ಲ. ಆಗ ಪೆಡಲು ಬಿಟ್ಟರೂ ಕ್ಲಚ್ಚು ಅರ್ಧ ತುಳಿದಂತೆಯೇ ಉಳಿಯುತ್ತದೆ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಎಂಜಿನು ಆರಿಸಿ, ಕೆಳಗಿನ ಸಿಲಿಂಡರಿನ ಗಾಳಿ ತಿರುಪನ್ನು ಸಡಿಲಿಸಿದಾಗ ದ್ರವ ಚಿಮ್ಮಿ, ಅನಂತರ ಕ್ಲಚ್ಚು ಹಿಡಿದರೆ ದೋಷ ಪ್ಲೇಟಿನಲ್ಲಿಲ್ಲ.

ಪೆಡಲು ತುಳಿದಾಗ ಮಾತ್ರ ಗುಂಯ್ಯೆಂಬ ಸದ್ದಾದರೆ ರಿಲೀಸ್ ಬೇರಿಂಗು ಸವೆದಿದೆ. ಪೆಡಲು ಬಿಟ್ಟಾಗ ಇದ್ದ ಸದ್ದು ತುಳಿದಾಗ ನಿಂತರೆ ಗೇರುಪೆಟ್ಟಿಗೆಯ ಬೇರಿಂಗನ್ನು ಸಂದೇಹಿಸಬೇಕು. ಇವು ದ್ರವದ ದೋಷಗಳಲ್ಲ.

ಮಾವಿನ ಸುಗ್ಗಿ ಮುಗಿದ ಮೇಲೆ ಮಳೆಗಾಲವೆಲ್ಲ ಗಾಡಿಯನ್ನು ಮರದ ಕೆಳಗೆ ನಿಲ್ಲಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ತೇವದಿಂದ ಫ್ಲೈವೀಲು ತುಕ್ಕು ಹಿಡಿದು ಪ್ಲೇಟು ಅದಕ್ಕೆ ಅಂಟಿಕೊಳ್ಳುವುದುಂಟು. ಆಗ ಕಡ್ಡಿ ಪೂರ್ತಿ ಸರಿದರೂ ಗೇರು ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಗಾಡಿಯನ್ನು ಓಡಿಸಿ ನಿಲ್ಲಿಸಿದರೆ ಈ ತೊಂದರೆ ಬಾರದು.

ಗಾಳಿ ತೆಗೆಯುವ ಕ್ರಮ

ಇದಕ್ಕೆ ಇಬ್ಬರು ಬೇಕು. ಒಂದು ಸ್ಪ್ಯಾನರು, ಒಂದು ಮೊಳ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಂದು ಶೀಸೆ, ಹೊಸ ಬ್ರೇಕ್ ಆಯಿಲು ಸಾಕು.

1. ಡಬ್ಬಿಯ ಮುಚ್ಚಳವನ್ನೂ ಸುತ್ತಣ ದೂಳನ್ನೂ ಒರಸಿ, ಡಬ್ಬಿಯನ್ನು ಮೇಲಿನ ಗೆರೆಯವರೆಗೆ ತುಂಬಬೇಕು.

2. ಕೆಳಗಿನ ಸಿಲಿಂಡರಿನ ಗಾಳಿ ತಿರುಪಿಗೆ ಟ್ಯೂಬು ಸಿಕ್ಕಿಸಿ, ಅದರ ಇನ್ನೊಂದು ತುದಿ ಶೀಸೆಯಲ್ಲಿ ಸ್ವಲ್ಪ ಆಯಿಲಿನೊಳಗೆ ಮುಳುಗಿರುವಂತೆ ಇಡಬೇಕು.

3. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಹಿಡಿಯಬೇಕು. ಇನ್ನೊಬ್ಬರು ತಿರುಪನ್ನು ಸಡಿಲಿಸಬೇಕು, ಗುಳ್ಳೆಗಳು ಹೊರಬೀಳುತ್ತವೆ.

4. ತಿರುಪನ್ನು ಬಿಗಿ ಮಾಡಿದ ಮೇಲೆಯೇ ಪೆಡಲು ಬಿಡಬೇಕು. ಮೊದಲೇ ಬಿಟ್ಟರೆ ಹೊರಹೋದ ಗಾಳಿ ಮತ್ತೆ ಒಳಕ್ಕೆ ಬರುತ್ತದೆ. ಪೆಡಲು ತಾನಾಗಿ ಏಳದಿದ್ದರೆ ಕೈಯಿಂದ ಎತ್ತಬೇಕು.

5. ಗುಳ್ಳೆ ನಿಲ್ಲುವವರೆಗೂ ಹೀಗೆಯೇ ಮಾಡಬೇಕು. ನಡುವೆ ಡಬ್ಬಿ ಬರಿದಾಗದಂತೆ ತುಂಬುತ್ತಿರಬೇಕು. ಶೀಸೆಗೆ ಬಂದ ಹಳೆಯ ಆಯಿಲನ್ನು ಮತ್ತೆ ಡಬ್ಬಿಗೆ ಸುರಿಯಕೂಡದು.

ಎಷ್ಟು ಸಲ ಮಾಡಿದರೂ ಪೆಡಲು ಗಟ್ಟಿಯಾಗದಿದ್ದರೆ ವಾಷರು ಹೋಗಿದೆ ಎಂದು ತಿಳಿದು ಮೆಕ್ಯಾನಿಕನಿಗೆ ತೋರಿಸಬೇಕು. ಮೇಲಿನ ಸಿಲಿಂಡರಿನ ಬಾಯನ್ನು ತಾತ್ಕಾಲಿಕವಾಗಿ ಮುಚ್ಚಿ ಪೆಡಲು ತುಳಿಯುವಂತೆ ಹೇಳಿ. ಪೆಡಲು ಕಲ್ಲಿನಂತೆ ನಿಂತರೆ ಮೇಲಿನದು ಸರಿಯಾಗಿದೆ, ದೋಷ ಕೆಳಗಿದೆ. ಆಗಲೂ ಇಳಿದರೆ ಮೇಲಿನದೇ ಕೆಟ್ಟಿದೆ.

ಯಾವ ಆಯಿಲು

ಕ್ಲಚ್ಚಿಗೆ ಬೇಕಾದದ್ದು ಬ್ರೇಕ್ ಆಯಿಲು. ಡಾಟ್ 3 ಅಥವಾ ಡಾಟ್ 4 ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಹೆಸರು ಆಯಿಲಾದರೂ ಇದು ಎಂಜಿನ್ ಆಯಿಲಿನ ಜಾತಿಯದಲ್ಲ. ಡಬ್ಬಿ ಬರಿದಾಯಿತೆಂದು ಎಂಜಿನ್ ಆಯಿಲನ್ನೋ ಗೇರ್ ಆಯಿಲನ್ನೋ ಹಾಕಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ವಾಷರುಗಳನ್ನು ಡೀಸೆಲಿನಲ್ಲಿ ತೊಳೆಯುವುದೂ ಇಷ್ಟೇ ಕೆಡುಕು. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವ ಗಾಡಿಯಲ್ಲಿ ತಪ್ಪು ಎಣ್ಣೆ ಬಿದ್ದರೆ ಬ್ರೇಕೂ ಹೋಗುತ್ತದೆ. ಅಂಥ ಗಾಡಿಯನ್ನು ಒಂದು ಮಾರು ದೂರವೂ ಓಡಿಸಕೂಡದು.

ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಹೊಸತರಲ್ಲಿ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದೆ ನಿಲ್ಲಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ತೇವವು ಸಿಲಿಂಡರಿನ ಒಳಗೆ ತುಕ್ಕನ್ನೂ ಹಿಡಿಸಿ ವಾಷರನ್ನು ಕೊರೆಯುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಬದಲಿಸುವುದು ಒಳ್ಳೆಯದು. ಮುಚ್ಚಳ ತೆರೆದು ಬಹುಕಾಲ ಇಟ್ಟ ಆಯಿಲನ್ನು ಉಪಯೋಗಿಸಬಾರದು. ಇದು ವಿಷ, ಬಣ್ಣವನ್ನೂ ತಿನ್ನುತ್ತದೆ. ಮಕ್ಕಳ ಕೈಗೆ, ದನಕರುಗಳ ಬಾಯಿಗೆ ಸಿಕ್ಕದಂತೆ ಇಡಬೇಕು.

ದಾರಿಯಲ್ಲಿ ಕೆಟ್ಟರೆ

ಕ್ಲಚ್ಚು ಹಠಾತ್ತನೆ ಹೋದರೆ ಮೊಟ್ಟಮೊದಲು ಬ್ರೇಕಿನ ಡಬ್ಬಿಯನ್ನು ನೋಡಿ. ಡಬ್ಬಿ ಒಂದೇ ಆಗಿದ್ದು ಮಟ್ಟ ಇಳಿದಿದ್ದರೆ ಗಾಡಿ ಅಲ್ಲಿಯೇ ನಿಲ್ಲಲಿ.

ಬ್ರೇಕು ಸರಿಯಾಗಿದ್ದು, ದಾರಿ ಮಟ್ಟಸವಾಗಿ ಬರಿದಾಗಿದ್ದರೆ ಹತ್ತಿರದ ಊರಿನವರೆಗೆ ಹೋಗಲು ಒಂದು ಉಪಾಯವಿದೆ. ಎಂಜಿನು ನಿಲ್ಲಿಸಿ, ಮೊದಲ ಗೇರು ಹಾಕಿ, ಬೀಗ ತಿರುಗಿಸಿದರೆ ಗಾಡಿ ಕುಲುಕಿ ಹೊರಡುತ್ತದೆ. ಕೆಲವು ಗಾಡಿಗಳಲ್ಲಿ ಪೆಡಲು ತುಳಿಯದೆ ಸ್ಟಾರ್ಟರು ತಿರುಗುವುದಿಲ್ಲ. ಅಲ್ಲಿ ಪೆಡಲು ಕೆಟ್ಟಿದ್ದರೂ ತುಳಿದು ಹಿಡಿಯಬೇಕು. ನಿಲ್ಲಬೇಕಾದಾಗ ಆಕ್ಸಿಲರೇಟರು ಬಿಟ್ಟು, ಗೇರನ್ನು ನ್ಯೂಟ್ರಲಿಗೆ ಎಳೆದು ಬ್ರೇಕು ಹಾಕಬೇಕು. ಜನಸಂದಣಿಯಲ್ಲೂ ಘಟ್ಟದಲ್ಲೂ ಇದನ್ನು ಮಾಡತಕ್ಕದ್ದಲ್ಲ.

ತೊಪ್ಪೂರು ಘಟ್ಟದಲ್ಲಿ ಅಪಘಾತಗಳು ಹೆಚ್ಚೆಂಬುದು ಎಲ್ಲರಿಗೂ ತಿಳಿದ ವಿಷಯ. ಡೀಸೆಲು ಉಳಿಯುತ್ತದೆಂದು ಗೇರು ತೆಗೆದು, ಕೆಲವರು ಎಂಜಿನನ್ನೂ ಆರಿಸಿ ಸೇಲಂ ಕಡೆಗೆ ಇಳಿಯುತ್ತಾರೆ. ಎಂಜಿನು ನಿಂತರೆ ಬ್ರೇಕಿಗೆ ಸಿಕ್ಕುವ ನೆರವು ಕೆಲವೇ ತುಳಿತಗಳಲ್ಲಿ ತಪ್ಪುತ್ತದೆ. ಕ್ಲಚ್ಚು ಕೆಟ್ಟ ಗಾಡಿಯಲ್ಲಂತೂ ಒಮ್ಮೆ ತೆಗೆದ ಗೇರು ಇಳಿಜಾರಿನಲ್ಲಿ ಮತ್ತೆ ಬೀಳುವುದಿಲ್ಲ. ಏರಲು ಎಷ್ಟು ಕೆಳಗಿನ ಗೇರು ಬೇಕೋ ಇಳಿಯಲೂ ಅಷ್ಟೇ ಕೆಳಗಿನ ಗೇರು ಬೇಕು. ಪೆಡಲು ಮೆತ್ತಗಾಗಿದೆ ಎಂದು ತಿಳಿದೂ ಸರಕು ತುಂಬಿ ಘಟ್ಟಕ್ಕೆ ಇಳಿಯುವುದು ಬೇಡ. ಒಂದು ದಿನದ ಬೆಳೆಯ ಬೆಲೆ ಹೋದರೆ ಮತ್ತೊಂದು ದಿನ ಸಂಪಾದಿಸಬಹುದು.

ಬಾಳಿಕೆಗೆ ಕೆಲವು ಮಾತು

ಓಡಿಸುವಾಗ ಎಡಗಾಲನ್ನು ಪೆಡಲಿನ ಮೇಲೆ ಇರಿಸಿಕೊಳ್ಳುವ ಅಭ್ಯಾಸ ರಿಲೀಸ್ ಬೇರಿಂಗನ್ನೂ ಪ್ಲೇಟನ್ನೂ ತಿನ್ನುತ್ತದೆ. ಏರಿನಲ್ಲಿ ಗಾಡಿಯನ್ನು ಅರ್ಧ ಕ್ಲಚ್ಚಿನಲ್ಲಿ ತಡೆದು ನಿಲ್ಲಿಸದೆ ಹ್ಯಾಂಡ್ ಬ್ರೇಕು ಹಾಕಬೇಕು. ಮಿತಿ ಮೀರಿ ಕ್ರೇಟು ಹೇರಬಾರದು. ವಾರಕ್ಕೊಮ್ಮೆ ಟೈರಿನ ಗಾಳಿ ನೋಡುವಾಗಲೇ ಡಬ್ಬಿಯ ಮಟ್ಟವನ್ನೂ ನೋಡಬೇಕು.

ಗ್ಯಾರೇಜಿಗೆ ಹೋದಾಗ "ಕ್ಲಚ್ಚು ಸರಿಯಿಲ್ಲ, ನೋಡಿ" ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟು ಬರಬೇಡಿ. ಎಂಜಿನು ನಿಂತಾಗ ಗೇರು ಬೀಳುತ್ತದೆಯೇ, ಮಟ್ಟ ಇಳಿದಿದೆಯೇ, ಎಲ್ಲಿ ಒದ್ದೆಯಿದೆ, ಸ್ಲೇವಿನ ಕಡ್ಡಿ ಎಷ್ಟು ಸರಿಯುತ್ತದೆ ಎಂಬ ನಾಲ್ಕನ್ನೂ ತಿಳಿಸಿ. ಗೇರುಪೆಟ್ಟಿಗೆ ಇಳಿಸಬೇಕು ಎಂದರೆ ಕಡ್ಡಿಯ ಸರಿತವನ್ನು ನಿಮ್ಮ ಕಣ್ಣೆದುರೇ ತೋರಿಸುವಂತೆ ಕೇಳಿ. ಕಸುಬು ಬಲ್ಲ ಮೆಕ್ಯಾನಿಕನು ಇದಕ್ಕೆ ಬೇಸರಪಡುವುದಿಲ್ಲ; ಅವನ ಕೆಲಸವೂ ಹಗುರಾಗುತ್ತದೆ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆದು, ಸವೆದಿದೆಯೇ ಎಂದು ನೋಡಿಕೊಳ್ಳುವುದು ಯಜಮಾನನ ಹಕ್ಕು.